ಲಂಡನ್ ಗೈಡ್‌ಬುಕ್: ಪುಸ್ತಕ ಒಳ್ಳೇದು, ನಕಾಶೆಗೆ ಮಾತ್ರ ಕ್ಷಮೆ ಇಲ್ಲ

ಮೊದಲು ಬೈಯುವುದನ್ನು ಬೈದು ಮುಗಿಸುತ್ತೇನೆ. ಎರಡು ಸಾವಿರ ರೂಪಾಯಿ ಹತ್ತಿರದ ಪುಸ್ತಕ, ನುಣುಪಾದ ಕಾಗದ, ಬಣ್ಣದ ಫೋಟೋ, ಎಲ್ಲಾ ಸರಿ. ಆದರೆ ಮುಖ್ಯ ನಕಾಶೆಗಳನ್ನೆಲ್ಲ ಎದುರುಬದುರು ಎರಡು ಪುಟಕ್ಕೆ ಹರಡಿ ಛಾಪಿಸಿದ್ದಾರೆ, ಮೇಲೆ ಬೈಂಡಿಂಗ್ ಗಟ್ಟಿ. ಕೋವೆಂಟ್ ಗಾರ್ಡನ್‌ನಿಂದ ವಾಟರ್‌ಲೂ ಸೇತುವೆಗೆ ಇಳಿಯುವ ಬೀದಿಗಳು ಸರಿಯಾಗಿ ಹೊಲಿಗೆಯ ಸಂದಿಯೊಳಗೆ ಹೋಗಿ ಕೂತಿವೆ. ಎರಡೂ ಹೆಬ್ಬೆರಳು ಹಚ್ಚಿ ಅಗಲಿಸಿದರೆ ಅರ್ಧ ಸೇತುವೆ ಕಾಣುತ್ತದೆ, ಕೈ ಬಿಟ್ಟರೆ ಥೇಮ್ಸ್ ನದಿಯೇ ಮಾಯ. ನಕಾಶೆ ಬರೆದವರು ಒಬ್ಬರು, ಪುಸ್ತಕ ಕಟ್ಟಿದವರು ಇನ್ನೊಬ್ಬರು, ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ ಅಂತ ಕಾಣುತ್ತದೆ.

ಲಂಡನ್ನಿನಲ್ಲಿರುವ ನಮ್ಮ ಭಾವನ ಮಗ ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. “ಕಾಕು, ಫೋನ್‌ನ್ಯಾಗ ಎಲ್ಲಾ ಐತಿ. ಈ ಇಟ್ಟಂಗಿ ಯಾಕ ಹೊತ್ಕೊಂಡು ಬರ್ತೀರಿ?” ಅವನು ಹೇಳಿದ್ದು ಸುಳ್ಳಲ್ಲ. ಆದರೆ ಫೋನ್ ನಾವು ಕೇಳಿದ್ದನ್ನಷ್ಟೇ ತೋರಿಸುತ್ತದೆ. ಏನು ಕೇಳಬೇಕು ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು?

ಹೊರಡುವ ಮೊದಲೇ ಪುಸ್ತಕವನ್ನು ನಮ್ಮ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಒಯ್ದೆ. ಬೆನ್ನು ಕತ್ತರಿಸಿ ಸ್ಪೈರಲ್ ಹಾಕು ಅಂದರೆ ಅಂಗಡಿಯ ಹುಡುಗ ನನ್ನ ಮುಖ ನೋಡಿದ. “ಹೊಸಾ ಪುಸ್ತಕ ಅದರೀ ಮೇಡಂ, ಖರೇನ ಕತ್ತರಿಸ್ಲೇನ್ರಿ?” ಕತ್ತರಿಸಿಸಿದೆ. ಒಂದನ್ನು ಮೂರು ತುಂಡು ಮಾಡಿಸಿದೆ: ವೆಸ್ಟ್‌ಮಿನ್‌ಸ್ಟರ್ ಸುತ್ತಿನದು ಒಂದು, ಪೂರ್ವದ ಕಡೆಯದು ಒಂದು, ಉಳಿದದ್ದೆಲ್ಲ ಇನ್ನೊಂದು. ನಕಾಶೆಯ ಹಾಳೆಗಳನ್ನು ಹೊರಗೆ ತೆಗೆದು ಹಿಂದಿನಿಂದ ಸೆಲೋಟೇಪ್ ಹಚ್ಚಿ ಜೋಡಿಸಿದೆ. ಕಟಿಂಗ್ ಮಷಿನ್ ನುಂಗಿದ ಮೂರ್ನಾಲ್ಕು ಮಿಲಿಮೀಟರ್ ಪಟ್ಟಿ ಮಾತ್ರ ಹೋದದ್ದು ಹೋಯಿತು. ಆ ಜಾಗದ ರಸ್ತೆಗಳನ್ನು ನೀಲಿ ಬಾಲ್‌ಪೆನ್‌ನಲ್ಲಿ ನಾನೇ ಗೀಚಿ ಕೂಡಿಸಿದೆ. ಹೊಸ ಪುಸ್ತಕಕ್ಕೆ ಇಷ್ಟು ಚಾಕರಿ ಮಾಡಬೇಕೇ?

ಇಷ್ಟಾದ ಮೇಲೂ ಅದನ್ನು ರದ್ದಿಗೆ ಹಾಕಲಿಲ್ಲ. ಕಾರಣ, ಸಂಜೆಗಳು.

ದೀಪ ಹಚ್ಚಿ, ಚಹಾ ಇಟ್ಟು, ಒಮ್ಮೊಮ್ಮೆ ಮೂಲೆಯ ಅಂಗಡಿಯಿಂದ ಗಿರಮಿಟ್ ಕಟ್ಟಿಸಿಕೊಂಡು ಬಂದು ಪುಸ್ತಕ ತೆರೆದು ಕೂಡುತ್ತಿದ್ದೆವು. ಕೈಯಲ್ಲಿ ಪೆನ್ಸಿಲ್, ಪೆನ್ ಅಲ್ಲ, ಯಾಕಂದರೆ ದಿನಾ ಅಳಿಸುವುದು ಇದ್ದೇ ಇತ್ತು. ಪುಕ್ಕಟೆ ಜಾಗಕ್ಕೆ ರೈಟ್ ಗುರುತು, ಟಿಕೆಟ್ ಇದ್ದಲ್ಲಿಗೆ ಸೊನ್ನೆ. ನಮ್ಮ ಮನೆಯವರು ಪೌಂಡಿನ ರೇಟು ಓದುವುದು, ನಾನು ನೂರರಿಂದ ಗುಣಿಸಿ ಮೇಲಿಷ್ಟು ಸೇರಿಸುವುದು, ನೆಗೆಣ್ಣಿ “ಅಯ್ಯ ಶಿವನ!” ಅನ್ನುವುದು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟಿಪ್ಪುವಿನ ಮರದ ಹುಲಿ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಈ ಮೂರಕ್ಕೂ ಪ್ರವೇಶ ಪುಕ್ಕಟೆ ಅಂತ ಗೊತ್ತಾದ ದಿನ ನಮ್ಮ ಬಜೆಟ್ಟೇ ಉಸಿರಾಡಿತು. ಶುಕ್ರವಾರ ಮೂರೂ ರಾತ್ರಿವರೆಗೆ ತೆರೆದಿರುತ್ತವೆ: ಮೊದಲನೆಯದು ಎಂಟೂವರೆ, ಎರಡನೆಯದು ಒಂಬತ್ತು, ಮೂರನೆಯದು ಹತ್ತು ಗಂಟೆ. ಪುಸ್ತಕದಲ್ಲಿ ಇದು ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಚೆಲ್ಲಿಕೊಂಡಿದೆ. ಇರುವುದೇ ಒಂದೆರಡು ಶುಕ್ರವಾರ, ಯಾವುದನ್ನು ಯಾವುದಕ್ಕೆ ಕೊಡಬೇಕು ಅನ್ನುವ ಮಾತು ಎಲ್ಲೂ ಇಲ್ಲ. ಆ ಪಟ್ಟಿಯನ್ನು ನಮ್ಮ ಡೈರಿಯಲ್ಲಿ ನಾವೇ ಹಾಕಿಕೊಂಡೆವು.

ಹೋಟೆಲ್ ಅಧ್ಯಾಯದ ಬಗ್ಗೆ ಹೇಳಲಾರೆ. ಈಸ್ಟ್ ಹ್ಯಾಮ್‌ನಲ್ಲಿ ಭಾವನ ಮಗನ ಮನೆ ಇತ್ತು, ಅಲ್ಲೇ ಇಳಿದುಕೊಂಡೆವು.

ಈ ಪುಸ್ತಕದ ನಿಜವಾದ ಗುಣ ಅದನ್ನು ಓಣಿ-ಪ್ರದೇಶದ ಲೆಕ್ಕದಲ್ಲಿ ಹಂಚಿದ್ದು. ಲಂಡನ್ನಿಗೆ ಹೊಸದಾಗಿ ಹೋದವರೆಲ್ಲ ಮೆಟ್ರೋ ನಕಾಶೆಯನ್ನೇ ಊರು ಅಂದುಕೊಳ್ಳುತ್ತಾರೆ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಜನರ ಕೈಗೆ ಬಂದ ಆ ನಕಾಶೆ ಭಾರೀ ಚಂದ, ಆದರೆ ಅದರಲ್ಲಿ ದೂರದ ಲೆಕ್ಕ ಇಲ್ಲ. ಲೈನು ಎಲ್ಲಿ ಕೂಡುತ್ತದೆ ಅನ್ನುವುದಷ್ಟೇ ಅದರ ಕೆಲಸ. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ರೈಲಿನ ದಾರಿ ಮುನ್ನೂರು ಮೀಟರ್ ಕೂಡ ಇಲ್ಲ. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನ ಐದನೇ ಒಂದು ಪಾಲಿಗಿಂತ ಕಡಿಮೆ! ಅದಕ್ಕೆ ನೆಲದಡಿ ಇಳಿದು, ರೈಲು ಹತ್ತಿ, ಮತ್ತೆ ಮೇಲೆ ಬರುವುದೆಂದರೆ ಹುಚ್ಚುತನ. ಪುಸ್ತಕ ಅಲ್ಲಿ ಸ್ಪಷ್ಟವಾಗಿ “ನಡೆಯಿರಿ” ಅನ್ನುತ್ತದೆ. ಕೋವೆಂಟ್ ಗಾರ್ಡನ್ ಸ್ಟೇಶನ್ನಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದರೆ 193 ಮೆಟ್ಟಿಲು ಅಂತಲೂ ಎಚ್ಚರಿಸುತ್ತದೆ. ಮೊಣಕಾಲು ನೋವಿನ ನೆಗೆಣ್ಣಿ ಆ ಒಂದು ಸಾಲಿಗೇ ಪುಸ್ತಕದ ರೊಕ್ಕ ವಸೂಲಾಯಿತು ಅಂದರು.

ಬಸ್ಸಿನ ಮಾಹಿತಿಯೂ ಚೊಕ್ಕ. ಬಸ್ಸಿನಲ್ಲಿ ನಗದು 2014ರಿಂದಲೇ ಬಂದ್. ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ನಾವು ಹೋದಾಗ 1.75 ಪೌಂಡ್ ಇತ್ತು, ಮೊದಲ ಸಲ ಮುಟ್ಟಿಸಿದ ಹೊತ್ತಿನಿಂದ ಒಂದು ತಾಸಿನೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಹಣ ಇಲ್ಲ. ಗಂಡ-ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲಾಗದು, ಒಬ್ಬೊಬ್ಬರಿಗೆ ಒಂದೊಂದು ಬೇಕು. ಇದನ್ನು ಓದಿಯೇ ನಾನು ನನ್ನ ಬ್ಯಾಂಕಿಗೆ ಹೋಗಿ ಕಾರ್ಡಿನ ವಿದೇಶಿ ಬಳಕೆ ಚಾಲೂ ಮಾಡಿಸಿಕೊಂಡೆ. ಡಬಲ್ ಡೆಕ್ಕರ್ ಮೇಲಿನ ಅಂತಸ್ತಿನ ಮುಂದಿನ ಸೀಟಿಗೆ ನಮ್ಮ ಮನೆಯವರು ಕಾಲೇಜು ಹುಡುಗರೊಂದಿಗೆ ಪೈಪೋಟಿ ಮಾಡುತ್ತಿದ್ದದ್ದನ್ನು ಪುಸ್ತಕ ಬರೆದವರು ಊಹಿಸಿರಲಾರರು.

ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿ ಇನ್ನೊಂದು ಉಪಕಾರ ಇತ್ತು: ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ಧಾರವಾಡ ಪೇಢೆ ಬಂದ್! ಅಷ್ಟೊತ್ತಿಗೆ ಬಳಗದವರೆಲ್ಲ ಹುಡುಗನಿಗೆ ಪೇಢೆ ಡಬ್ಬಿ ಕಳಿಸಲು ತಯಾರಾಗಿದ್ದರು. ಆ ಸಾಲನ್ನು ತೋರಿಸಿ ಎಲ್ಲರ ಬಾಯಿ ಮುಚ್ಚಿಸಿದೆ. ಪೇಢೆ ಜಾಗದಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಹೋದವು.

ಇನ್ನು ಊಟದ ಅಧ್ಯಾಯ. ಇಲ್ಲಿ ನನಗೂ ಪುಸ್ತಕಕ್ಕೂ ಜಾತಕ ಕೂಡಿ ಬರಲಿಲ್ಲ. ಬೆಲೆಗೆ ಪೌಂಡ್ ಚಿಹ್ನೆ ಹಾಕುತ್ತಾರೆ, ಒಂದು ಚಿಹ್ನೆ ಎಂದರೆ ಅಗ್ಗ. ಅವರ ಅಗ್ಗದಲ್ಲಿ ಮೂರು ಜನ ಉಂಡರೆ ನಮ್ಮ ಮನೆಯ ಹದಿನೈದು ದಿನದ ಕಿರಾಣಿ ಬರುತ್ತದೆ. ದಿನದ ಯೋಜನೆಯಲ್ಲೆಲ್ಲ ಮಧ್ಯಾಹ್ನ ಒಂದಕ್ಕೆ “ಇಂಥ ಪಬ್‌ನಲ್ಲಿ ಊಟ” ಅಂತ ಇದ್ದೇ ಇರುತ್ತದೆ. ಡಬ್ಬಿ ಕಟ್ಟಿಕೊಂಡು ಬಂದವರು ಎಲ್ಲಿ ಕೂತು ತಿನ್ನಬೇಕು, ಯಾವ ಪಾರ್ಕಿನಲ್ಲಿ ಬೆಂಚು ಇದೆ, ಕುಡಿಯುವ ನೀರು ಎಲ್ಲಿ ತುಂಬಿಕೊಳ್ಳಬಹುದು, ಒಂದಕ್ಷರ ಇಲ್ಲ. ಯೂಸ್ಟನ್ ಸ್ಟೇಶನ್ ಹತ್ತಿರದ ಡ್ರಮಂಡ್ ಸ್ಟ್ರೀಟಿನಲ್ಲಿ ದೋಸೆ, ಭೇಳ್‌ಪುರಿ ಸಿಗುತ್ತದೆ ಅಂತ ಎರಡು ಸಾಲು ಬರೆದಿದ್ದಾರೆ. ಅದೊಂದು ಪುಣ್ಯ.

ಬಸವಣ್ಣನ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಇಳಿದಿಲ್ಲ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ನಮ್ಮ ಕಡೆಯಿಂದ ಹೋದವರು ಅಲ್ಲಿಗೆ ಹೋಗದೆ ಬರುವುದುಂಟೇ? ಅದೇ ರಸ್ತೆಯ ತುದಿಯಲ್ಲಿ, ವಾಕ್ಸಾಲ್ ಸೇತುವೆ ಬಳಿಯ ಬೇಹುಗಾರಿಕೆ ಸಂಸ್ಥೆಯ ಕಟ್ಟಡಕ್ಕೆ ಪುಸ್ತಕದಲ್ಲಿ ಫೋಟೋ ಸಮೇತ ವಿವರ ಇದೆ, ಸಿನಿಮಾದಲ್ಲಿ ಬರುತ್ತದಲ್ಲ! ಬಸವಣ್ಣ ಮಾತ್ರ ಪುಟದಲ್ಲೂ ಇಲ್ಲ, ಹಿಂದಿನ ಅಕಾರಾದಿಯಲ್ಲೂ ಇಲ್ಲ. ನಕಾಶೆ ಅಂಚಿನಲ್ಲಿ ನನ್ನ ನೀಲಿ ಪೆನ್ನಿನಿಂದಲೇ ಇಷ್ಟಲಿಂಗದಷ್ಟು ದೊಡ್ಡ ಚುಕ್ಕಿ ಇಟ್ಟೆ. ದಾರಿ ಬೇಕಾದವರಿಗೆ ಹೇಳುತ್ತೇನೆ: ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿ ಪಕ್ಕದಲ್ಲೇ ನಡೆಯಿರಿ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ, ಆಚೆ ದಡಕ್ಕೆ ಪಾರ್ಲಿಮೆಂಟ್. ಲ್ಯಾಂಬೆತ್ ಸೇತುವೆ ಹತ್ತದೆ, ಅದರ ಪಕ್ಕದಿಂದ ಹಾದು ಇದೇ ದಡದಲ್ಲಿ ವಾಕ್ಸಾಲ್ ದಿಕ್ಕಿಗೆ ಮುಂದುವರಿಯಿರಿ. ಟಿಕೆಟ್ ಇಲ್ಲ, ಸರದಿ ಇಲ್ಲ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಮನೆಯಲ್ಲಿ ಕೂತು ಯೋಜನೆ ಹಾಕಲು ಐದಕ್ಕೆ ನಾಲ್ಕೂವರೆ, ಬೀದಿಯಲ್ಲಿ ನಿಂತು ತೆರೆಯಲು ಎರಡು. ಮಳೆಯಲ್ಲಿ ಒಂದು ಕೈಯಲ್ಲಿ ಛತ್ರಿ ಹಿಡಿದು ಇಂಥ ಪುಸ್ತಕ ಬಿಡಿಸುವುದು ಆಗದ ಮಾತು, ಅಲ್ಲಿ ಫೋನೇ ಗತಿ. ಎಲಿಜಬೆತ್ ಲೈನ್ ಶುರುವಾದದ್ದು 2022ರಲ್ಲಿ, ಹೀಥ್ರೋದಿಂದ ಊರೊಳಗೆ ಬರಲು ಅದು ದೊಡ್ಡ ಅನುಕೂಲ, ಹಾಗಾಗಿ ಅದಕ್ಕಿಂತ ಹಳೆಯ ಆವೃತ್ತಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ.

ಈಗ ನಮ್ಮ ಓಣಿಯವರೊಬ್ಬರು ಪ್ಯಾರಿಸ್‌ಗೆ ಹೊರಟಿದ್ದಾರೆ, ಇದೇ ಸರಣಿಯ ಪುಸ್ತಕ ತಗೊಳ್ಳಲೇನು ಅಂತ ಕೇಳಿದರು. ತಗೊಳ್ಳಿ, ಆದರೆ ರೊಕ್ಕ ಕೊಡುವ ಮೊದಲು ಅಂಗಡಿಯಲ್ಲೇ ನಕಾಶೆ ತೆರೆದು ಸೇನ್ ನದಿ ಎಲ್ಲಿ ಬಿದ್ದಿದೆ ನೋಡಿ ಅಂದೆ. ಪೇಢೆ ಅಲ್ಲಿಗೂ ಒಯ್ಯುವಂತಿಲ್ಲ ಅಂತಲೂ ಹೇಳಿ ಕಳಿಸಿದೆ.