32 ನಂಬರ್ ಕೈ ಮಿನ್ಸರ್: ಹೊಂಡದ ಮೀನಿಗೆ ಮನೇಲೇ ಆಹಾರ ಮಾಡೋರು ತಗೋಬಹುದಾ?

ಕೃಷಿ ಹೊಂಡದಲ್ಲಿ ಮೀನು ಬಿಟ್ಟಿರೋ ಸುಮಾರು ಜನ ಕೇಳ್ತಾನೇ ಇರ್ತಾರೆ, ಮಟನ್ ಕೀಮಾ ಮಾಡೋ ಕೈ ಮಷಿನ್ ಇದ್ಯಲ್ಲ, ಅದ್ರಲ್ಲಿ ಮೀನಿನ ಆಹಾರ ಮಾಡಕ್ಕಾಗುತ್ತಾ ಅಂತ. ಆಗುತ್ತೆ, ಚೆನ್ನಾಗೇ ಆಗುತ್ತೆ, ಒಂದು ಪೂರ್ತಿ ಸೀಸನ್ ಬಳಸಿ ಬರೀತಿದೀನಿ. ನಮ್ಮ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಕೆಳಗೆ ಪ್ಲಾಸ್ಟಿಕ್ ಶೀಟು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ ಇನ್ನೂರು ಚಿಲ್ಲರೆ ಮೀನು. ಶೀಟ್ ಹಾಕಿರೋ ಹೊಂಡದಲ್ಲಿ ಮಣ್ಣಿನ ತಳ ಇರಲ್ಲ, ಕೆರೇಲಿ ಸಿಗೋ ಹುಳ ಹುಪ್ಪಟೆ ಇಲ್ಲಿ ಅಷ್ಟಾಗಿ ಸಿಗಲ್ಲ, ಹಾಗಾಗಿ ನಾವು ಹಾಕಿದ್ದೇ ಅವುಕ್ಕೆ ಮುಖ್ಯ ಊಟ.

ತೌಡು ಹಿಂಡಿ ಪುಡೀನ ಹಂಗೇ ಎರಚಿದ್ರೆ ಏನಾಗುತ್ತೆ ಅಂತ ಗೊತ್ತಿರೋದೇ, ತೌಡು ಗಾಳಿ ಬೀಸೋ ಕಡೆ ಹೋಗಿ ಮೂಲೇಲಿ ಕೆನೆಗಟ್ಟುತ್ತೆ, ಹಿಂಡಿ ಕರಗಿ ನೀರು ಕೆಡುತ್ತೆ, ಮೀನಿನ ಬಾಯಿಗೆ ಹೋಗೋದು ಸ್ವಲ್ಪ. ಅದಕ್ಕೇ ಈ ಮಷಿನ್.

ನಂದು 32 ನಂಬರ್‌ದು, ನಂಬರ್ ಅಂದ್ರೆ ಮಷಿನ್ ಸೈಜು. ಎರಕದ ಕಬ್ಬಿಣದ್ದು, ಮೇಲೆ ಕಲಾಯಿ, ತೂತಿನ ಪ್ಲೇಟು ಹತ್ತತ್ರ 4 ಇಂಚು ಅಗಲ. 12 ನಂಬರ್‌ದು ಕಮ್ಮಿ ರೇಟಿಗೆ ಸಿಗುತ್ತೆ ಆದ್ರೆ ಪ್ಲೇಟ್ ಚಿಕ್ಕದು, ಒಂದು ವಾರದ ಆಹಾರ ಒತ್ತೋಷ್ಟರಲ್ಲಿ ತೋಳು ಬಿದ್ದೋಗುತ್ತೆ, ಬೇಡ. ಬೆಂಚಿಗೆ ಬೋಲ್ಟ್ ಹಾಕಿ ಬಿಗಿ ಮಾಡ್ಲೇಬೇಕು, ಸುಮ್ನೆ ಇಟ್ಕೊಂಡು ತಿರುಗಿಸಿದ್ರೆ ಮಷಿನ್ನೇ ಎದ್ದು ಬರುತ್ತೆ.

ನಿಜ ಹೇಳ್ಬೇಕಂದ್ರೆ ಮಷಿನ್‌ಗಿಂತ ಕಲಸೋದ್ರಲ್ಲೇ ಎಲ್ಲಾ ಇರೋದು. ನಾನು ಹಾಕೋದು 5 ಕೆಜಿ ಶೇಂಗಾ ಹಿಂಡಿ, ನಾಲ್ಕೂವರೆ ಕೆಜಿ ಅಕ್ಕಿ ತೌಡು, ಅರ್ಧ ಕೆಜಿ ಮರಗೆಣಸಿನ ಹಿಟ್ಟು, 100 ಗ್ರಾಂ ಮಿನರಲ್ ಮಿಕ್ಸ್‌ಚರ್, ಒಂದು ಹಿಡಿ ಉಪ್ಪು. ಹಿಂಡೀಲಿ ಪ್ರೋಟೀನ್ ಸುಮಾರು 40 ಪರ್ಸೆಂಟ್, ತೌಡಲ್ಲಿ 12ರ ಆಸುಪಾಸು, ಎರಡೂ ಸೇರಿ 25ರ ಹತ್ರ ಬರುತ್ತೆ, ಬೆಳೀತಿರೋ ಗೆಂಡೆ ಜಾತಿ ಮೀನಿಗೆ ಅಷ್ಟು ನಡೆಯುತ್ತೆ. ಹಿಂಡೀನ ಹಿಂದಿನ ರಾತ್ರೀನೇ ನೆನೆಹಾಕಿ ಬೆಳಿಗ್ಗೆ ಕೈಯಲ್ಲಿ ಹಿಸುಕಿ, ಒಂದು ಗಂಟೂ ಇರಬಾರ್ದು, ಗಂಟು ಉಳಿದ್ರೆ ಸಣ್ಣ ತೂತಿನ ಪ್ಲೇಟ್ ಕಟ್ಕೊಂಡು ಮತ್ತೆ ಬಿಚ್ಚಿ ಕಡ್ಡೀಲಿ ಚುಚ್ಚಿ ತೆಗೀಬೇಕು. ಮರಗೆಣಸಿನ ಹಿಟ್ಟನ್ನ ಗಂಜಿ ಕಾಯಿಸಿ ಬಿಸಿ ಇರೋವಾಗ್ಲೇ ಹಾಕಿ, ಅದೇ ಅಂಟು. ಮುಷ್ಟೀಲಿ ಹಿಡಿದು ಬಿಟ್ರೆ ಒಡೀಬಾರ್ದು, ಕೈಗೂ ಮೆತ್ಕೋಬಾರ್ದು, ಆಗ ಹ್ಯಾಂಡಲ್ ತಿರುಗಿಸಿದ್ರೆ ಶಾವಿಗೆ ಥರ ಎಳೆ ಎಳೆ ನೀಟಾಗಿ ಬರುತ್ತೆ. ಟಾರ್ಪಾಲ್ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಮುರಿದ್ರೆ ಟಪ್ ಅನ್ಬೇಕು, ಒಳಗೆ ಮೆತ್ತಗಿದ್ರೆ ಡಬ್ಬೀಲಿ ಬೂಷ್ಟು ಬರುತ್ತೆ.

ಬೂಷ್ಟಿನ ವಿಷಯ ಬಂತು ಅಂತ ಒತ್ತಿ ಹೇಳ್ತೀನಿ. ನಮ್ ಕಡೆ ಹಿಂಡಿ ಚಳ್ಳಕೆರೆ ಮಿಲ್ಲುಗಳಿಂದ ಬರುತ್ತೆ, ಹೊಸದಾದ್ರೆ ಶೇಂಗಾ ವಾಸನೆ ಘಮ್ ಅನ್ನುತ್ತೆ. ಹಸಿರು ಕಪ್ಪು ಬೂಷ್ಟು ಕಂಡ್ರೆ ಎಷ್ಟೇ ಕಮ್ಮಿ ರೇಟ್ ಹೇಳಿದ್ರೂ ಮುಟ್ಟಬೇಡಿ, ಅದ್ರಲ್ಲಿರೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಬೇಯಿಸಿದ್ರೂ ಹೋಗಲ್ಲ, ಮೀನಿನ ಲಿವರ್ ಹಾಳು ಮಾಡುತ್ತೆ. ಮೀನಿಗಾಗಲ್ಲ, ಹಸೂಗೆ ಹಾಕೋಣ ಅನ್ನೋದೂ ಬೇಡ. ತೌಡೂ ಅಷ್ಟೇ, ಎಣ್ಣೆ ತೆಗೀದೇ ಇರೋ ತೌಡು ಬೇಗ ಕಮಟು ಹಿಡಿಯುತ್ತೆ, ರೈಸ್ ಮಿಲ್ಲಿಂದ ಆಗಾಗ ಸ್ವಲ್ಪ ಸ್ವಲ್ಪಾನೇ ತನ್ನಿ.

ಇನ್ನು ಮೈನಸ್. ಒಣಗಿದ ಎಳೆ ಮುರಿದು ಮಾಡಿದ ಈ ಕಾಳು ತೇಲಲ್ಲ, ಮುಳುಗುತ್ತೆ. ಗೆಂಡೆ ತಳದಲ್ಲಿ ತಿನ್ನೋದು, ಅದಕ್ಕೆ ಹಬ್ಬ, ಆದ್ರೆ ಕಾಟ್ಲಾ ಮೇಲ್ಮಟ್ಟದಲ್ಲಿ ತಿನ್ನೋ ಮೀನು, ಅದಕ್ಕೆ ಸರಿಯಾಗಿ ಸಿಗಲ್ಲ. ಆಂಧ್ರದ ಕೊಲ್ಲೇರು ಸರೋವರದ ಕಡೆ ಮೀನು ಸಾಕೋರು ಆಹಾರ ತುಂಬಿದ ಚೀಲಕ್ಕೆ ತೂತು ಮಾಡಿ ಕೋಲಿಗೆ ಕಟ್ಟಿ ನೀರಲ್ಲಿ ಇಳಿಬಿಡ್ತಾರಲ್ಲ, ಅದನ್ನೇ ಕಾಟ್ಲಾಗೆ ಅಂತ ಬೇರೆ ಮಾಡಿದೀನಿ, ಉಳಿದವುಕ್ಕೆ ನೀರಲ್ಲಿ ಇಳಿಬಿಟ್ಟ ಟ್ರೇಲಿ ಈ ಕಾಳು. ಟ್ರೇ ಎತ್ತಿ ನೋಡಿದ್ರೆ ತಿಂದ್ವೋ ಬಿಟ್ವೋ ಗೊತ್ತಾಗುತ್ತೆ. 200 ಮೀನು ತಲಾ 250 ಗ್ರಾಂ ಇದ್ರೆ ಒಟ್ಟು 50 ಕೆಜಿ, ಅದರ 3 ಪರ್ಸೆಂಟ್ ಅಂದ್ರೆ ದಿನಕ್ಕೆ ಒಂದೂವರೆ ಕೆಜಿ ಆಹಾರ, ಅಂದ್ರೆ ಒಂದ್ಸಲ ಮಾಡಿದ್ದು ಹೆಚ್ಚು ಕಮ್ಮಿ ವಾರಕ್ಕೆ ಆಗುತ್ತೆ. ಮೋಡ ಮುಚ್ಕೊಂಡು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಆವತ್ತು ಏನೂ ಹಾಕಬೇಡಿ, ನೀರಲ್ಲಿ ಆಕ್ಸಿಜನ್ ಕಮ್ಮಿ ಆಗಿರುತ್ತೆ.

ಎರಡನೇ ಮೈನಸ್ ತುಕ್ಕು. ಕಲಾಯಿ ಸವೆದ ಕಡೆ ಒಂದು ರಾತ್ರಿ ಒದ್ದೆ ಇದ್ರೂ ಕೆಂಪಗಾಗುತ್ತೆ, ತೊಳೆದು ಒರೆಸಿ ಕಡ್ಲೆಕಾಯಿ ಎಣ್ಣೆ ಸವರಿ ಇಡಿ. ಇಬ್ರಿದ್ರೆ ಕೆಲಸ ಆರಾಮು, ಒಬ್ರು ತುಂಬೋದು ಒಬ್ರು ತಿರುಗಿಸೋದು.

ನಮ್ಮಷ್ಟು ಹೊಂಡ ಇರೋರಿಗೆ ಐದಕ್ಕೆ ನಾಲ್ಕು ಸ್ಟಾರ್, ಕಣ್ಮುಚ್ಕೊಂಡು ತಗೊಳ್ಳಿ. ಎಕರೆ ಕೆರೆ ಇಟ್ಟಿರೋರು ಇದನ್ನ ನೋಡ್ಲೇಬೇಡಿ, ಮೋಟರ್‌ದೇ ತಗೊಳ್ಳಿ. ಅಂಗಡೀಲಿ ದುಡ್ಡು ಕೊಡೋ ಮುಂಚೆ ದೊಡ್ಡ ತೂತಿನ ಪ್ಲೇಟ್ ಬೇರೆ ಸಿಗುತ್ತಾ ಕೇಳಿ, ಮೀನು ದೊಡ್ಡದಾದ್ಮೇಲೆ ಅದು ಬೇಕಾಗುತ್ತೆ.