ಇಗ್ನೋ ಪಿಜಿ ಡಿಪ್ಲೊಮಾನೋ, ಎನ್‌ಪಿಟಿಇಎಲ್ ಸರ್ಟಿಫಿಕೇಟೋ?

ಟೀಮ್ ಲೀಡ್ ಆದಮೇಲೆ ಬಜೆಟ್ ಅರ್ಥವಾಗಬೇಕು, ಜನರನ್ನು ನಡೆಸಲು ಬರಬೇಕು. ಎರಡು ವರ್ಷದ ಎಂಬಿಎಗೆ ಮಾತ್ರ ಪುರುಸೊತ್ತಿಲ್ಲ. ಅಂಥವರ ಕೈಗೆಟಕುವುದು ಎರಡು: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣದ ಪಿಜಿ ಡಿಪ್ಲೊಮಾ, ಇಲ್ಲವೇ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳಾದ ಎನ್‌ಪಿಟಿಇಎಲ್‌ನ ಸರ್ಟಿಫಿಕೇಟ್. ಎರಡನ್ನೂ ಓದಿ, ಪರೀಕ್ಷೆ ಬರೆದು ನೋಡಿದರೆ ಮುಖ್ಯ ವ್ಯತ್ಯಾಸ ಗಡುವಿನಲ್ಲಿದೆ.

ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಮಾತ್ರ ಸುಮಾರು ₹1,000. ವಾರವಾರವೂ ಅಸೈನ್‌ಮೆಂಟ್ ಇರುತ್ತದೆ, ಗಡುವು ಮುಗಿದರೆ ಮುಗಿಯಿತು. 12ರಲ್ಲಿ ಉತ್ತಮ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ ಆಫೀಸಿನ ಒತ್ತಡದಲ್ಲಿ ನಾಲ್ಕು ವಾರ ತಪ್ಪಿದರೂ ನಡೆಯುತ್ತದೆ. ಗಡುವಿನೊಳಗೆ ಎಷ್ಟು ಸಲ ಸಲ್ಲಿಸಿದರೂ ಕೊನೆಯದಕ್ಕೇ ಅಂಕ. ಅರ್ಧ ತಿದ್ದಿದ್ದನ್ನು ಕಳಿಸಬೇಡಿ. ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಎಡವುವುದು ಇಲ್ಲೇ: 25ಕ್ಕೆ 22 ಬಂದು ಪರೀಕ್ಷೆಯಲ್ಲಿ 28 ಬಂದರೆ ಒಟ್ಟು 50, ಆದರೂ ಸರ್ಟಿಫಿಕೇಟ್ ಇಲ್ಲ. ಪರೀಕ್ಷೆಯಲ್ಲೇ ಕನಿಷ್ಠ 30 ಬರಬೇಕು.

ಇಗ್ನೋದಲ್ಲಿ ನಿಮ್ಮನ್ನು ಯಾರೂ ವಾರವಾರ ಎಬ್ಬಿಸುವುದಿಲ್ಲ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆ ಎಂದರೆ 120 ಗಂಟೆ ಓದು. ಅದನ್ನು ಕೊನೆಯ ತಿಂಗಳಿಗೆ ತಳ್ಳಿದವರ ಡಿಪ್ಲೊಮಾ ಮೂರನೇ ವರ್ಷಕ್ಕೆ ಎಳೆಯುತ್ತದೆ. ಹಳೆಯ ಸೆಷನ್‌ನ ಅಸೈನ್‌ಮೆಂಟ್ ಪ್ರಶ್ನೆಗಳಿಗೆ ಉತ್ತರ ಬರೆದು ಕೊಡುವುದು, ಪರೀಕ್ಷಾ ಫಾರ್ಮ್ ಬೇರೆಯಾಗಿ ತುಂಬಬೇಕೆಂಬುದನ್ನು ಮರೆಯುವುದು ಪದೇ ಪದೇ ಆಗುವ ತಪ್ಪುಗಳು.

ಆದರೂ ಮಾನವ ಸಂಪನ್ಮೂಲ, ಸಂಘಟನಾ ವರ್ತನೆಯಂಥ ವಿಷಯಗಳಿಗೆ ಇಗ್ನೋವೇ ಮೇಲು. 30 ಶೇಕಡಾ ತೂಕದ ಅಸೈನ್‌ಮೆಂಟಿನಲ್ಲಿ ‘ನಿಮಗೆ ಪರಿಚಿತವಾದ ಸಂಸ್ಥೆಯೊಂದರ ಉದಾಹರಣೆಯೊಂದಿಗೆ ವಿವರಿಸಿ’ ಎಂಬ ಬಗೆಯ ಪ್ರಶ್ನೆಗಳು ಬರುತ್ತವೆ. ನಿಮ್ಮದೇ ವಿಭಾಗದ ರಜೆ ಪದ್ಧತಿಯನ್ನೋ ಅಪ್ರೈಸಲ್ ವಿಧಾನವನ್ನೋ ಕೈಬರಹದಲ್ಲಿ ಬಿಡಿಸಿ ಬರೆಯುವಾಗ ಕಲಿಯುವಷ್ಟನ್ನು ಎನ್‌ಪಿಟಿಇಎಲ್‌ನ ಬಹುಆಯ್ಕೆಯ ಪ್ರಶ್ನೆ ಕಲಿಸುವುದಿಲ್ಲ. ಅಕೌಂಟಿಂಗ್‌ಗೆ ಎನ್‌ಪಿಟಿಇಎಲ್ ಒಳ್ಳೆಯದು: ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಒಂದರ ಮೇಲೊಂದು ನಿಲ್ಲುವುದರಿಂದ ವಾರದ ಗಡುವು ಇಲ್ಲಿ ನೆರವಿಗೆ ಬರುತ್ತದೆ.

ಲಕ್ಷಗಟ್ಟಲೆ ಶುಲ್ಕದ ಎಕ್ಸಿಕ್ಯುಟಿವ್ ಸರ್ಟಿಫಿಕೇಟ್‌ಗಳ ವಿಷಯ ಬೇರೆ. ಹಣ ಕಟ್ಟುವ ಮುನ್ನ ಜಿಎಸ್‌ಟಿ ಸೇರಿದೆಯೇ, ಪಾಠ ಮಾಡುವವರು ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಪ್ರಾಧ್ಯಾಪಕರೇ, ಪರೀಕ್ಷೆ ಇದೆಯೋ ಬರೀ ಹಾಜರಾತಿಯೋ ಎಂದು ಕೇಳಿ.

ಬಡ್ತಿಗೆ ಸ್ನಾತಕೋತ್ತರ ಡಿಪ್ಲೊಮಾವೇ ಬೇಕೆಂದರೆ ಎನ್‌ಪಿಟಿಇಎಲ್ ಸಾಲದು. ಇಗ್ನೋ ಡಿಪ್ಲೊಮಾದ ಕ್ರೆಡಿಟ್‌ಗಳನ್ನು ಮುಂದೆ ಅಲ್ಲಿನ ಎಂಬಿಎಗೆ ವರ್ಗಾಯಿಸಿಕೊಳ್ಳಲೂ ದಾರಿಯಿದೆ. ಯಾವುದೆಂದು ತೋಚದವರು ಜುಲೈನಲ್ಲಿ ಎನ್‌ಪಿಟಿಇಎಲ್‌ನ ಒಂದು ಕೋರ್ಸು ಹಿಡಿಯಲಿ. ಅಕ್ಟೋಬರ್ ಹೊತ್ತಿಗೆ ಎಂಟು ಅಸೈನ್‌ಮೆಂಟ್ ಕೈಯಾರೆ ಮುಗಿದಿದ್ದರೆ ಇಗ್ನೋದ ಜನವರಿ ಸೆಷನ್‌ಗೆ ಅರ್ಜಿ ಹಾಕಬಹುದು.