ಕಾರವಾರದಿಂದ ದಿಲ್ಲಿಗೆ: ದಾಬೋಳಿಯೋ, ಮೋಪಾವೋ, ಹುಬ್ಬಳ್ಳಿಯೋ?

ದಿಲ್ಲಿ ವಿಮಾನ ಹಿಡಿಯಲು ಕಾರವಾರದವರ ಮುಂದೆ ಮೂರು ನಿಲ್ದಾಣ: ಗೋವಾದ ದಾಬೋಳಿ ಮತ್ತು ಮೋಪಾ, ಇತ್ತ ಹುಬ್ಬಳ್ಳಿ. ಆಕಾಶದ ಲೆಕ್ಕದಲ್ಲಿ ಮೂರಕ್ಕೂ ಅಂಥ ವ್ಯತ್ಯಾಸವಿಲ್ಲ. ನೇರ ಗೆರೆ ಎಳೆದರೆ ದಾಬೋಳಿಯಿಂದ ದಿಲ್ಲಿಗೆ ಸುಮಾರು 1500 ಕಿ.ಮೀ., ಹುಬ್ಬಳ್ಳಿಯಿಂದ ಇಪ್ಪತ್ತು ಕಿ.ಮೀ.ಯಷ್ಟು ಕಡಿಮೆ, ಮೋಪಾದಿಂದ ಇನ್ನೊಂದಿಷ್ಟು ಕಡಿಮೆ. ವಿಮಾನಕ್ಕೆ ಅದು ಎರಡು ಮೂರು ನಿಮಿಷದ ಮಾತು. ಟಿಕೆಟಿನಲ್ಲಿ ಎರಡೂವರೆ ಗಂಟೆಗೂ ಮೇಲೆ ತೋರಿಸುತ್ತಾರೆ. ಗಂಟೆಗೆ 800 ಕಿ.ಮೀ. ವೇಗಕ್ಕೆ ಎರಡು ತಾಸಿನೊಳಗೇ ಮುಗಿಯಬೇಕಲ್ಲ? ಅದು ಹಾರಾಟದ ಸಮಯವಷ್ಟೇ ಅಲ್ಲ. ಇಲ್ಲಿ ಜಾಗ ಬಿಟ್ಟು ಅಲ್ಲಿ ಪೂರ್ತಿ ನಿಲ್ಲುವವರೆಗಿನದು. ದಿಲ್ಲಿಯಲ್ಲಿ ನೆಲ ಮುಟ್ಟಿದ ಮೇಲೂ ವಿಮಾನ ಉರುಳುತ್ತಲೇ ಇರುತ್ತದೆ, ಜನ ಆಗಲೇ ಎದ್ದು ಬ್ಯಾಗು ಇಳಿಸುತ್ತಿರುತ್ತಾರೆ.

ಹಾಗಾಗಿ ನಿರ್ಧಾರವಾಗುವುದು ರಸ್ತೆಯಲ್ಲಿ. ಮೂರೂ ಕಡೆಯಿಂದ ಹೋಗಿ ನೋಡಿದ್ದೇನೆ.

ನನ್ನ ಮೊದಲ ಆಯ್ಕೆ ದಾಬೋಳಿ. ತೊಂಬತ್ತು ಕಿ.ಮೀ. ಆಸುಪಾಸು. ಕಾಳಿ ಸೇತುವೆ, ಪೋಳೆ ಚೆಕ್‌ಪೋಸ್ಟ್, ಕಾಣಕೋಣ ಬೈಪಾಸ್ ತನಕ ಸಲೀಸು; ಆಮೇಲೆ ಕರಮಲ ಘಾಟಿನ ತಿರುವಿನಲ್ಲಿ ಲಾರಿಯೊಂದು ಮುಂದೆ ಸಿಕ್ಕರೆ ಅದರ ಬೆನ್ನು ನೋಡುತ್ತಲೇ ಹೋಗಬೇಕು. ಕಾರಿನಲ್ಲಿ ಎರಡೂವರೆ ಗಂಟೆ ಇಟ್ಟುಕೊಂಡರೆ ಸಾಕು. ಬಸ್ಸಾದರೆ ಮಡಗಾಂವ್‌ನಲ್ಲಿಳಿದು ವಾಸ್ಕೋ ಬಸ್ಸು ಹತ್ತಬೇಕು. ಖರ್ಚು ತೀರಾ ಕಡಿಮೆ, ಆದರೆ ದೊಡ್ಡ ಸೂಟ್‌ಕೇಸ್ ಇದ್ದವರಿಗೆ ಹೇಳಿದ್ದಲ್ಲ. ಒಂದೇ ತೊಡಕು: ಅದು ನೌಕಾಪಡೆಯ ಐಎನ್‌ಎಸ್ ಹನ್ಸಾ ನೆಲೆ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಅವರ ಹಾರಾಟಕ್ಕೆ ಮೀಸಲು, ನಮ್ಮ ವಿಮಾನಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಂಪುಗಟ್ಟುತ್ತವೆ. ಕಾರವಾರದವರಿಗೆ ನೌಕಾಪಡೆಗೆ ಜಾಗ ಬಿಟ್ಟುಕೊಡುವುದು ಹೊಸದಲ್ಲ ಬಿಡಿ.

2023ರ ಜನವರಿಯಲ್ಲಿ ಶುರುವಾದ ಮೋಪಾಕ್ಕೆ ಆ ನಿರ್ಬಂಧವಿಲ್ಲ. ಕಟ್ಟಡ ವಿಶಾಲ. ಆದರೆ ಅದು ಗೋವಾದ ಉತ್ತರ ತುದಿ, ಪೇಡಣೆ ತಾಲೂಕು. ಜುವಾರಿಯ ಹೊಸ ಸೇತುವೆ ಆದ ಮೇಲೂ ಮೂರೂವರೆ ಗಂಟೆ ಬೇಕು, ಪರ್ವರಿಯಲ್ಲಿ ಸಿಕ್ಕಿಬಿದ್ದರೆ ಇನ್ನೂ ಹೆಚ್ಚು. ಟಿಕೆಟಿನಲ್ಲಿ ಉಳಿಸಿದ ಸಾವಿರ ರೂಪಾಯಿ ಟ್ಯಾಕ್ಸಿಗೆ ಹೋಗುತ್ತದೆ.

ಹುಬ್ಬಳ್ಳಿ ನಮ್ಮದೇ ರಾಜ್ಯ, ನಿಲ್ದಾಣ ಚಿಕ್ಕದು, ಚೆಕ್-ಇನ್ ಸಾಲು ಬೇಗ ಕರಗುತ್ತದೆ. ಆದರೆ 165 ಕಿ.ಮೀ. ದಾರಿ, ನಡುವೆ ಅರಬೈಲ್ ಘಟ್ಟ. ಮಳೆಗಾಲದಲ್ಲಿ ಗುಡ್ಡ ಜರಿದ ಸುದ್ದಿ ಬಂದರೆ ಎದೆ ಧಸಕ್ಕೆನ್ನುತ್ತದೆ. 2024ರ ಶಿರೂರು ದುರಂತದ ಮೇಲಂತೂ ಜುಲೈ ತಿಂಗಳಲ್ಲಿ ಆ ಕಡೆ ಟಿಕೆಟ್ ಮಾಡುವ ಧೈರ್ಯ ನನಗಿಲ್ಲ. ನೇರ ವಿಮಾನದ ಆಯ್ಕೆಯೂ ಗೋವಾದಷ್ಟಿಲ್ಲ, ಆ ಒಂದು ತಪ್ಪಿದರೆ ಬೆಂಗಳೂರು ಸುತ್ತಬೇಕು. ದಾರಿಯಲ್ಲಿ ಅಂಕೋಲಾ ದಾಟುವಾಗ ಪ್ರತಿ ಸಲ ಅಲ್ಲೇ ಅಲಗೇರಿಯಲ್ಲಿ ಆಗಬೇಕಿರುವ ವಿಮಾನ ನಿಲ್ದಾಣದ ಮಾತು ಬರುತ್ತದೆ, ಯಲ್ಲಾಪುರ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ.

ಶಿರಸಿಯ ನಮ್ಮ ಭಾವ ಇದನ್ನು ಒಪ್ಪುವುದಿಲ್ಲ, ಅವರ ಲೆಕ್ಕದಲ್ಲಿ ಅವರು ಸರಿ: ಮುಂಡಗೋಡ ಮೇಲೆ ಹುಬ್ಬಳ್ಳಿ ಅವರಿಗೆ ನೂರೇ ಕಿ.ಮೀ., ಗೋವಾಕ್ಕೆ ಬರಬೇಕೆಂದರೆ ಘಟ್ಟ ಇಳಿಯಬೇಕು. ಮಂಗಳೂರು ಇಬ್ಬರಿಗೂ ದೂರ.

ವಾಪಸಿಗೆ ಒಂದು ಮಾತು. ಅಗ್ಗ ಅಂತ ರಾತ್ರಿ ಹನ್ನೊಂದಕ್ಕೆ ಇಳಿಯುವ ವಿಮಾನ ಹಿಡಿಯಬೇಡಿ. ಆ ಹೊತ್ತಿಗೆ ಮಡಗಾಂವ್‌ನಿಂದ ಕಾರವಾರದ ಬಸ್ಸು ಸಿಗುವುದಿಲ್ಲ. ಸಂಜೆ ಐದರೊಳಗೆ ದಾಬೋಳಿಯಲ್ಲಿ ಇಳಿದರೆ ರಾತ್ರಿ ಊಟಕ್ಕೆ ಮನೆ.